ಡೈರಿಯ ಮೂರನೆಯ ಸಾಲು

ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಯಾವ ದಿನ, ಏನಾಯಿತು, ಯಾರ ಕೈಯಿಂದ ಎಂದು ಮೂರು ಅಂಕಣಗಳಲ್ಲಿ ಬರೆಯಬೇಕು. ಸಿಕಂದರಾಬಾದಿನ ತಾರ್ನಾಕದಲ್ಲಿ ನಾನಿದ್ದ ಅಣ್ಣ-ವೈನಿಯ ಮನೆಯಲ್ಲಿ ಅವರ ಕೂಸಿನ ಮೂಳೆಗಳು ಮುರಿಯತೊಡಗಿದಾಗ ನನ್ನ ಡೈರಿಯಲ್ಲೂ ಅವೇ ಅಂಕಣಗಳನ್ನು ಎಳೆದೆ.

ಮಾರ್ಚ್ ೯, ಬಲಗೈ, ವೈನಿ. ಮೇ ೨, ಎಡತೊಡೆ, ವೈನಿ.

ಕೂಸನ್ನು ನೋಡಿಕೊಳ್ಳಲು ಕಲಬುರಗಿಯಿಂದ ಬಂದಿದ್ದ ಅವ್ವನಿಗೆ ಅದನ್ನು ಓದಿ ಹೇಳಿದವಳೂ ನಾನೇ.

"ಮೊಬೈಲ್ ಹಿಡಿಯಾಕ ಬರ್ತೈತಿ, ಕೂಸಿನ್ನ ಹಿಡಿಯಾಕ ಬರಂಗಿಲ್ಲ," ಎಂದು ಅವ್ವ ಅಡುಗೆಮನೆಗೆ ಕೇಳುವಂತೆ ಅಂದಳು. ಅಂದಿನಿಂದ ವೈನಿ ನಮ್ಮೆದುರು ಮಗುವನ್ನು ಎತ್ತಿಕೊಳ್ಳುವುದನ್ನೇ ಬಿಟ್ಟರು.

ಜೂನ್ ೧೪. ವೈನಿ ಬಟ್ಟೆ ಒಣಹಾಕಲು ಮಾಳಿಗೆಗೆ ಹೋಗಿದ್ದರು, ಅವ್ವ ಸ್ನಾನಕ್ಕೆ. ಒದ್ದೆಬಟ್ಟೆ ಬದಲಿಸಲು ಕೂಸಿನ ಎರಡೂ ಕಾಲುಗಳನ್ನು ಒಂದೇ ಕೈಯಲ್ಲಿ ಹಿಡಿದು ಎತ್ತಿದೆ. ಕಡ್ಡಿ ಮುರಿದಂಥ ಸದ್ದು. ಅಷ್ಟೇ.

'ಬಲಗಾಲು, ಮಂಚದಿಂದ ಬಿದ್ದ' ಎಂದು ಬರೆದೆ. ಮೂರನೆಯ ಅಂಕಣ ಖಾಲಿ ಬಿಟ್ಟೆ. ಸಿಕಂದರಾಬಾದಿನ ಆಸ್ಪತ್ರೆಯಲ್ಲೂ ಅದನ್ನೇ ಹೇಳಿದೆ. ಅವರು ಪ್ಲಾಸ್ಟರ್ ಹಾಕಿ, ಮಂಚದ ಅಂಚಿಗೆ ದಿಂಬು ಇಡಿ ಎಂದು ಕಳಿಸಿದರು.

ಜನವರಿಯಲ್ಲಿ ಮತ್ತೊಂದು ಮುರಿತ, ಎಡಗೈ. ಈ ಸಲ ಮಕ್ಕಳ ಮೂಳೆ ಡಾಕ್ಟರರ ಬಳಿ ಹೋದೆವು. ರಾಯಚೂರಿನವರು. ನನ್ನ ಡೈರಿಯನ್ನೇ ಕೇಳಿ ಪಡೆದು, ಬೆರಳಿಟ್ಟು ಓದಿದರು.

"ಮಂಚ ಎಷ್ಟ್ ಎತ್ತರ ಐತ್ರಿ?"

ವೈನಿ ನನ್ನ ಮುಖ ನೋಡಿದರು.

"ಬಿದ್ದಿದ್ದಿಲ್ರಿ," ಎಂದೆ. "ನಾ ಕಾಲು ಎತ್ತಿದೆ, ಅಷ್ಟರಾಗ..."

ಡಾಕ್ಟರರು ಡೈರಿ ಮುಚ್ಚಿ, ಕೂಸನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಕಣ್ಣಿನ ಬಿಳಿಭಾಗ ತೆಳುನೀಲಿ. ಅದನ್ನು ಚೆಲುವೆಂದೇ ತಿಳಿದು ಅವ್ವ ದಿನಾ ದೃಷ್ಟಿಬೊಟ್ಟು ಇಡುತ್ತಿದ್ದಳು.

"ಇದು ಹುಟ್ಟಿನಿಂದ ಬಂದ ಮೂಳಿ ರೋಗರಿ, ಕಣ್ಣಿನ ನೀಲಿನೂ ಅದರಿಂದನ. ಭಾಳ ಅಪರೂಪ. ಮೂಳಿಗೋಳು ಅಷ್ಟು ನಾಜೂಕು ಇರ್ತಾವ. ಯಾರ ಕೈದೂ ತಪ್ಪಲ್ಲ. ಬೀಳಲಾರದನ ಮುರದೈತಿ ಅಂತ ಆವಾಗನ ಹೇಳಿದ್ರ ರೋಗದ ಗುರ್ತು ಸಿಗ್ತಿತ್ತು ನೋಡ್ರಿ." ರಕ್ತ ಪರೀಕ್ಷೆಗೆ ಬರೆದುಕೊಟ್ಟು, ಕಾಲು ಹಿಡಿದು ಎತ್ತದೆ ಬೆನ್ನು, ಕುಂಡೆಯ ಕೆಳಗೆ ಅಂಗೈ ಕೊಟ್ಟು ಎತ್ತುವುದನ್ನು ತೋರಿಸಿದರು. ವೈನಿ ಒಂದೇ ಸಲಕ್ಕೆ ಕಲಿತರು.

ಬಸ್ಸಿನಲ್ಲಿ ಎಣಿಸಿದೆ. ಜೂನ್ ೧೪ರಿಂದ ಇನ್ನೂರಿಪ್ಪತ್ತು ದಿನ, ಅದರೊಳಗೊಂದು ಮುರಿದ ಕೈ. ಖಾಲಿ ಅಂಕಣದಲ್ಲಿ 'ನಾನು' ಎಂದು ಬರೆದೆ.

"ಮ್ಯಾಲಿನ ಎರಡು?" ಎಂದರು ವೈನಿ, ಕೂಸಿನ ಮೇಲಿನ ಕಣ್ಣು ತೆಗೆಯದೆ.

ಎರಡೂ ಕಡೆ ಗೆರೆ ಎಳೆದು ಹೊಡೆದು ಹಾಕಿದೆ. ಶಾಯಿಯಲ್ಲಿ ಬರೆದದ್ದು, ಗೆರೆಯ ಕೆಳಗಿನಿಂದ 'ವೈನಿ' ಎಂಬುದು ಇನ್ನೂ ಓದಲು ಬರುತ್ತದೆ.