ಅಕ್ಕನ ಗಾಡಿಯ ಕಿರ್ ಸದ್ದು

ದೆವ್ವ, ಶಕುನ, ದೃಷ್ಟಿ ಎಂದು ಯಾರಾದರೂ ಮಾತು ತೆಗೆದರೆ ಕಾಫಿ ಲೋಟ ಅರ್ಧಕ್ಕೇ ಇಟ್ಟು ಎದ್ದು ಹೋಗುವ ಜಾತಿಯವನು ನಾನು. ಯಶವಂತಪುರದ ಕಾರ್ಖಾನೆಯೊಂದರಲ್ಲಿ ಯಂತ್ರಗಳ ರಿಪೇರಿ ನೋಡಿಕೊಂಡು ಅರ್ಧ ಆಯಸ್ಸು ಕಳೆದಿದ್ದೇನೆ. 'ಆ ಮೂಲೆ ಮಷಿನ್ ಯಾರೋ ಅತ್ತಂಗೆ ಸದ್ದು ಮಾಡುತ್ತೆ ಸಾರ್' ಎಂದು ಪಾಳಿಯವರು ದೂರು ತಂದಾಗಲೆಲ್ಲ ಸವೆದ ಬೇರಿಂಗ್ ಬಿಚ್ಚಿ ಅವರ ಕೈಗೇ ಕೊಟ್ಟು ಕಳುಹಿಸಿದ್ದೇನೆ. ಯಂತ್ರಕ್ಕೆ ದೆವ್ವ ಹಿಡಿಯುವುದಿಲ್ಲ, ತುಕ್ಕು ಹಿಡಿಯುತ್ತದೆ ಎಂದು ಎಲ್ಲರಿಗೂ ಉಪದೇಶ ಮಾಡುತ್ತಿದ್ದೆ. ಈಗ ಹೇಳಹೊರಟಿರುವುದನ್ನು ನೀವು ನಂಬಬೇಕೆಂದು ಕೇಳುವುದಿಲ್ಲ. ನಾನೇ ನಂಬಲೂ ಆಗದೆ ಬಿಡಲೂ ಆಗದೆ ಒದ್ದಾಡುತ್ತಿರುವಾಗ ನಿಮ್ಮನ್ನು ಒಪ್ಪಿಸುವ ಮುಖ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ನನ್ನ ಅಕ್ಕ ಸುಮಿತ್ರಳಿಗೆ ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಎರಡೂ ಕಾಲು ಹೋದವು. ಮದುವೆಯಾಗಲಿಲ್ಲ. ಓದಿದಳು, ಕೆಲಸಕ್ಕೆ ಸೇರಿದಳು, ಗಾಲಿಕುರ್ಚಿಯಲ್ಲಿ ಕುಳಿತೇ ಮನೆಯನ್ನೂ ನನ್ನನ್ನೂ ಆಳಿದಳು. ಆದರೆ ಮನೆಯ ಹೊಸಿಲು ದಾಟಿದರೆ ಯಾರಾದರೂ ಅವಳನ್ನು ಎತ್ತಲೇಬೇಕಿತ್ತು. ಆಟೋಗೆ ಎತ್ತಬೇಕು, ಆಟೋದಿಂದ ಇಳಿಸಬೇಕು. ನಲವತ್ತೈದು ದಾಟಿದ ಮೇಲೆ ಒಂದು ದಿನ ಆಟೋದವನು 'ಸ್ವಲ್ಪ ಗಟ್ಟಿಯಾಗಿ ಹಿಡ್ಕೊಳ್ಳಿ ಸಾರ್, ಜಾರ್ತಾರೆ' ಎಂದು ನನಗೆ ಹೇಳಿದ. ಮನೆಗೆ ಬಂದವಳೇ ಅಕ್ಕ ಹೇಳಿದಳು: "ನಾನೇನು ಅಕ್ಕಿ ಮೂಟೇನಾ? ಊರಿನ ಮಷಿನೆಲ್ಲ ರಿಪೇರಿ ಮಾಡ್ತೀಯ. ನಾನೇ ಓಡಿಸ್ಕೊಂಡು ಹೋಗೋ ಗಾಡಿ ಒಂದು ಮಾಡ್ಕೊಡೋ, ನೋಡೋಣ."

ಆ ಮಾತು ನನ್ನ ಮೂಳೆಗೆ ತಾಗಿತು. ಎರಡು ಸಾವಿರದ ಹನ್ನೊಂದರ ಆಸುಪಾಸು ಅದು. ಯಲಹಂಕದ ಆಚೆ ಆಗಷ್ಟೇ ಸೈಟು ಬಿಡಿಸಿದ್ದ ಒಂದು ಲೇಔಟಿನಲ್ಲಿ ನಾವು ಮನೆ ಕಟ್ಟಿಕೊಂಡಿದ್ದೆವು. ಟಾರು ರಸ್ತೆಗಳಿದ್ದವು, ಚರಂಡಿಗಳಿದ್ದವು, ಮನೆಗಳೇ ಇರಲಿಲ್ಲ. ಮನೆಯಲ್ಲಿ ಮಾಡಿದ ಗಾಡಿಗೆ ನಂಬರ್ ಪ್ಲೇಟು ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೆ ಆ ಖಾಲಿ ಲೇಔಟಿನೊಳಗೆ ಓಡಿಸಿದರೆ ಕೇಳುವವರು ಯಾರು? ಅಕ್ಕನಿಗೂ ಅಷ್ಟೇ ಸಾಕಿತ್ತು. ಲೇಔಟಿನ ಕೊನೆಯಲ್ಲಿ ರಸ್ತೆ ಇಳಿಜಾರಾಗಿ ಕೆರೆಗೆ ಮುಟ್ಟುತ್ತಿತ್ತು. ಅಲ್ಲಿಗೆ ಯಾರ ಹಂಗೂ ಇಲ್ಲದೆ ಹೋಗಿ, ನೀರು ನೋಡಿ, ಬರಬೇಕು ಎನ್ನುವುದು ಅವಳ ಆಸೆ.

ಕಾರ್ಖಾನೆಯಲ್ಲಿ ನನ್ನ ಜೊತೆಗಿದ್ದ ನಯಾಜ್ ಕೈಜೋಡಿಸಿದ. ಆರ್.ಟಿ. ನಗರದಿಂದ ಪ್ರತಿ ಭಾನುವಾರ ಬೈಕಿನಲ್ಲಿ ಬಂದು, ಅಕ್ಕ ಮಾಡಿದ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು, ಸಂಜೆವರೆಗೆ ಮನೆ ಪಕ್ಕದ ತಗಡಿನ ಶೆಡ್ಡಿನಲ್ಲಿ ದುಡಿಯುತ್ತಿದ್ದ. ಗುಜರಿಯಿಂದ ತಂದ ಹಳೇ ವ್ಯಾನಿನ ಎಂಜಿನ್ನು, ಚೌಕ ಪೈಪುಗಳನ್ನು ಬೆಸೆದು ಮಾಡಿದ ಚೌಕಟ್ಟು. ಹಿಂದಿನ ಬಾಗಿಲು ಕೆಳಗೆ ಮಡಚಿಕೊಂಡರೆ ಅದೇ ಇಳಿಜಾರು ಹಲಗೆ. ಅಕ್ಕ ಕುರ್ಚಿಯ ಸಮೇತ ಅದನ್ನು ಹತ್ತಿ, ಸ್ಟೇರಿಂಗಿನ ಮುಂದೆ ಬಂದು, ಕುರ್ಚಿಗೆ ಕೊಕ್ಕೆ ಹಾಕಿಕೊಂಡರೆ ಆಯಿತು. ಅವಳ ಬಲಗೈಗೆ ಸ್ಕೂಟರಿನ ಹಾಗೆ ವೇಗದ ಹಿಡಿ, ಎಡಗೈಗೆ ಸಿಗುವಂತೆ ಬ್ರೇಕಿನ ಸನ್ನೆ, ಅಂದರೆ ಕಬ್ಬಿಣದ ಎಳೆಗೋಲು, ಇಟ್ಟೆವು. ಹಿಂದಕ್ಕೆ ಎಳೆದರೆ ಗಾಡಿ ನಿಲ್ಲಬೇಕು. ನಮ್ಮಂಥವರು ಓಡಿಸಲಿಕ್ಕೆ ಕಾಲಿನ ಬ್ರೇಕೂ ಇತ್ತು. ನೋಡಲಿಕ್ಕೆ ಅದು ಕಾರಿಗಿಂತ ಹೆಚ್ಚಾಗಿ ಒಂದು ದೊಡ್ಡ ಇಸ್ತ್ರಿ ಪೆಟ್ಟಿಗೆಯ ಹಾಗಿತ್ತು ಅನ್ನಿ, ಹೆತ್ತವರಿಗೆ ಹೆಗ್ಗಣ ಮುದ್ದು.

ಆಯುಧಪೂಜೆಯ ಹೊತ್ತಿಗೆ ಗಾಡಿ ಸಿದ್ಧವಾಗಲೇಬೇಕೆಂದು ಅಕ್ಕ ಹಟ ಹಿಡಿದಳು, ಸಿದ್ಧ ಮಾಡಿದೆವು. ನೀಲಿ ಬಣ್ಣ, ಮೂತಿಗೆ ಬಾಳೆಕಂದು, ಬ್ರೇಕಿನ ಸನ್ನೆಗೆ ಚೆಂಡು ಹೂವಿನ ಹಾರ. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು ನಾನೇ ಮುಂದಕ್ಕೆ ಒಂದು ಮಾರು ಓಡಿಸಿದೆ. ಸದ್ದು ಮೊದಲು ಕೇಳಿದ್ದು ಅದರ ಮುಂದಿನ ಭಾನುವಾರ. ಕಿರ್... ಕಿರ್... ಎಂದು, ಎಣ್ಣೆ ಕಾಣದ ಉಯ್ಯಾಲೆಯ ಸರಪಳಿಯಂತೆ, ಹಿಂದಿನ ಎಡಗಡೆಯಿಂದ ಬರುತ್ತಿತ್ತು.

ಹೊಸ ಗಾಡಿ, ಸದ್ದು ಸಹಜ ಎಂದುಕೊಂಡು ಹಿಂದಿನ ಬಾಗಿಲಿನ ಕೀಲುಗಳಿಗೆ ಗ್ರೀಸು ತುಂಬಿದೆವು. ಸದ್ದು ಹಾಗೇ ಇತ್ತು. ಬಾಗಿಲನ್ನೇ ಕಳಚಿಟ್ಟು ಓಡಿಸಿದೆವು. ಕಿರ್. ಸ್ಪ್ರಿಂಗಿನ ರಬ್ಬರು ಬದಲಾಯಿಸಿದೆವು, ಕುರ್ಚಿಯ ಕೊಕ್ಕೆ ಬಿಚ್ಚಿದೆವು, ಮೇಲ್ಛಾವಣಿಯ ತಗಡು ತೆಗೆದು ಗೋಡೆಗೆ ಒರಗಿಸಿದೆವು. ಒಂದನ್ನು ತೆಗೆದಾಗ ಸದ್ದು ಅಲ್ಲಿಂದ ಎದ್ದು ಇನ್ನೊಂದು ಕಡೆ ಹೋಗಿ ಕೂರುತ್ತಿತ್ತು. ನಾನು ಓಡಿಸುವಾಗ ನಯಾಜ್ ಹಿಂದೆ ಬೋರಲಾಗಿ ಮಲಗಿ ಕಿವಿಗೊಡುತ್ತಿದ್ದ. ಅವನು ಓಡಿಸುವಾಗ ನಾನು ಪಕ್ಕದಲ್ಲಿ ಓಡುತ್ತಿದ್ದೆ. ಲೇಔಟಿನ ವಾಚ್‌ಮನ್ ಗೌಡರು ಬೀಡಿ ಸೇದುತ್ತ ನಿಂತು ನೋಡಿ, "ಇಂಗೆ ಓಡುದ್ರೆ ಅದು ಓಗಲ್ಲ ಸಾಮಿ. ಒಂದ್ ಬೂದುಗುಂಬಳ ಒಡೀರಿ" ಎಂದರು. ನಾನು ನಕ್ಕೆ.

ಈ ನಡುವೆ ಅಕ್ಕನ ತಾಳ್ಮೆ ಕೆಡುತ್ತಿತ್ತು. "ಸದ್ದಾದ್ರೆ ಆಗ್ಲಿ ಬಿಡೋ. ನಿನ್ನ ಗೊರಕೆ ಇಷ್ಟು ವರ್ಷ ಕೇಳಿಲ್ವಾ? ನಾನು ಹತ್ತುತೀನಿ" ಎನ್ನುತ್ತಿದ್ದಳು. ನಾನು ಬಿಡಲಿಲ್ಲ. ಅಪಾಯವಿದೆಯೆಂದು ಅಲ್ಲ, ಸತ್ಯ ಹೇಳಬೇಕೆಂದರೆ ಬರೀ ಜಂಬ. ಊರ ಯಂತ್ರಗಳ ಸದ್ದು ಅಡಗಿಸಿದವನಿಗೆ ತಾನೇ ಮಾಡಿದ ಗಾಡಿಯ ಸದ್ದು ಅಡಗಿಸಲಾಗಲಿಲ್ಲ ಎಂದರೆ ಹೇಗೆ? ಹೀಗೆ ವಾರದ ಮೇಲೆ ವಾರ ಮುಂದೂಡಿದೆ. ಕೊನೆಗೆ ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಅಕ್ಕ ಬೆಳಿಗ್ಗೆಯೇ ತಲೆಸ್ನಾನ ಮಾಡಿ, ಒಳ್ಳೆ ಸೀರೆ ಉಟ್ಟು, ಕುರ್ಚಿ ನೂಕಿಕೊಂಡು ಶೆಡ್ಡಿಗೆ ಬಂದಳು. "ಇವತ್ತು ಕೆರೆಗೆ ಹೋಗೋದೇ. ಬೇಡ ಅಂದ್ರೆ ನಿನ್ನ ಕೈಲಿ ಇನ್ನು ಯಾವತ್ತೂ ಏನೂ ಕೇಳಲ್ಲ" ಎಂದಳು. ನಯಾಜ್‌ನೇ "ಹೋಗ್ಲಿ ಬಿಡು ಗುರು, ಆಸೆ ಪಟ್ಟಿದ್ದಾರೆ" ಎಂದು, ಕಳಚಿಟ್ಟಿದ್ದ ಹಿಂದಿನ ಬಾಗಿಲನ್ನೂ ಕುರ್ಚಿಯ ಕೊಕ್ಕೆಯನ್ನೂ ಮತ್ತೆ ಸಿಕ್ಕಿಸಿ, ಬಾಗಿಲನ್ನು ಮಡಚಿ ಇಳಿಜಾರು ಮಾಡಿದ.

ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಹೇಳುತ್ತೇನೆ. ಬೆಳಗಿನ ಹತ್ತು ಗಂಟೆಯ ಆಸುಪಾಸು, ಒಳ್ಳೆ ಬಿಸಿಲು. ಗಾಡಿ ಶೆಡ್ಡಿನ ಮುಂದಿನ ಅಂಗಳದಲ್ಲಿ ನಿಂತಿತ್ತು. ಎಂಜಿನ್ನು ಶುರು ಮಾಡಿರಲಿಲ್ಲ, ಕೀಲಿ ನನ್ನ ಜೇಬಿನಲ್ಲಿತ್ತು. ನಾಲ್ಕೂ ಗಾಲಿಗಳಿಗೆ ಕಲ್ಲು ಕೊಟ್ಟಿತ್ತು. ನಾನೂ ನಯಾಜ್‌ನೂ ಗಾಡಿಯಿಂದ ಒಂದು ಮಾರು ದೂರದಲ್ಲಿ ನಿಂತಿದ್ದೆವು. ಎಲೆ ಅಲ್ಲಾಡುವಷ್ಟೂ ಗಾಳಿ ಇರಲಿಲ್ಲ. ಅಕ್ಕ ಕುರ್ಚಿಯ ಮುಂದಿನ ಗಾಲಿಯನ್ನು ಹಲಗೆಯ ಹತ್ತಿರ ತಂದಳು, ಇನ್ನೂ ತಾಗಿಸಿರಲಿಲ್ಲ.

ಕಿರ್.

ಮೂವರೂ ಗಾಡಿಯ ಕಡೆ ತಿರುಗಿದೆವು. ಕುರ್ಚಿಯ ಸದ್ದಿರಬೇಕೆಂದು ನಾನು ಅಕ್ಕನ ಕುರ್ಚಿಯ ಕಡೆ ನೋಡಿದೆ. ಅವಳ ಎರಡೂ ಕೈ ಮಡಿಲಲ್ಲಿದ್ದವು. ಮತ್ತೆ ಕಿರ್ ಎಂದಿತು. ನಿಂತ ಗಾಡಿ. ಒಂದೇ ತಾಳದಲ್ಲಿ, ಓಡುವಾಗ ಹೇಗೆ ಬರುತ್ತಿತ್ತೋ ಹಾಗೇ. ನಯಾಜ್ "ಯಾ ಅಲ್ಲಾ" ಎಂದದ್ದು ಕೇಳಿಸಿತು. ಅಕ್ಕ ಸಣ್ಣ ದನಿಯಲ್ಲಿ, "ಯಾರಾದ್ರೂ ಒಳಗಿದಾರಾ?" ಎಂದಳು. ಒಳಗೆ ಯಾರಿರಲು ಸಾಧ್ಯ? ಮೇಲ್ಛಾವಣಿ ಇನ್ನೂ ಗೋಡೆಗೇ ಒರಗಿತ್ತು, ಗಾಡಿಯ ಒಳಗೆಲ್ಲ ಬಿಸಿಲು ಬಿದ್ದಿತ್ತು.

ಭಯವಾದಾಗ ಕೈ ತನಗೆ ಗೊತ್ತಿದ್ದ ಕೆಲಸವನ್ನೇ ಮಾಡುತ್ತದೆ. ನಾನು ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು, ಅದರ ಹಿಡಿಯನ್ನು ಕಿವಿಗೆ ಒತ್ತಿ, ತುದಿಯನ್ನು ಚೌಕಟ್ಟಿಗೆ ಇಟ್ಟೆ. ಡಾಕ್ಟರು ಎದೆಬಡಿತ ಕೇಳುವ ಹಾಗೆ ನಮ್ಮ ಕಸುಬಿನವರು ಯಂತ್ರದ ಸದ್ದು ಹುಡುಕುವುದು ಹೀಗೆಯೇ. ಹಿಂದಿನ ಪೈಪಿನಲ್ಲಿ ಸದ್ದು ಸಣ್ಣಗಿತ್ತು. ಮುಂದಕ್ಕೆ ಬಂದಂತೆ ಜೋರಾಯಿತು. ಬ್ರೇಕಿನ ಸನ್ನೆಯ ಬುಡಕ್ಕೆ ತುದಿ ಇಟ್ಟೆ ನೋಡಿ, ಕಿವಿಯೊಳಗೇ ಯಾರೋ ಕಿರುಚಿದಂತಾಗಿ ಸ್ಕ್ರೂಡ್ರೈವರ್ ಕೈಬಿಟ್ಟು ಬಿತ್ತು. ಸದ್ದು ಅಲ್ಲಿಗೆ ನಿಂತುಹೋಯಿತು.

ಸನ್ನೆಗೆ ಹಬ್ಬದ ದಿನದ ಹಾರ ಒಣಗಿ ಇನ್ನೂ ನೇತಾಡುತ್ತಿತ್ತು. ಬುಡದಲ್ಲಿ ಬಣ್ಣ ನುಣ್ಣಗಿತ್ತು, ಕೂದಲೆಳೆಯಷ್ಟು ಬಿರುಕೂ ಇರಲಿಲ್ಲ. ಉಗುರಿನಿಂದ ಕೆರೆದೂ ನೋಡಿದೆ. ಇಲ್ಲಿ ಏನೂ ಇಲ್ಲವಲ್ಲ ಎಂದು, ಇಳಿಜಾರಿನಲ್ಲಿ ಅಕ್ಕ ಎಷ್ಟು ಬಲವಾಗಿ ಎಳೆಯಬಹುದೋ ಅಷ್ಟೇ ಬಲವಾಗಿ ಸನ್ನೆಯನ್ನು ಎಳೆದೆ.

ಅದು ಬುಡಸಮೇತ ಕಿತ್ತು ನನ್ನ ಕೈಗೆ ಬಂತು. ನಾನು ಹಿಂದಕ್ಕೆ ಬಿದ್ದೆ. ಒಣಗಿದ ಹೂವಿನ ಪಕಳೆಗಳು ಮೈಮೇಲೆಲ್ಲ ಉದುರಿದವು. ಕೆರೆಯ ಇಳಿಜಾರಿನಲ್ಲಿ ಅಕ್ಕ ಇದನ್ನು ಎಳೆದಿದ್ದರೆ? ಕಾಲಿನ ಬ್ರೇಕು ಅವಳಿಗಿದ್ದೂ ಇಲ್ಲದಂತೆ. ಕುರ್ಚಿಗೆ ಕೊಕ್ಕೆ ಬೇರೆ. ನೀರಿಗೆ ಬಿದ್ದರೆ ಬಿಡಿಸಿಕೊಳ್ಳುವುದಾದರೂ ಹೇಗೆ? ನನಗೆ ಅಳು ಬಂತು. ಅಕ್ಕನ ಮುಂದೆ ನಾನು ಅತ್ತದ್ದು ಅಪ್ಪ ತೀರಿಕೊಂಡ ಮೇಲೆ ಅದೇ ಮೊದಲು.

ಕಿತ್ತದ್ದು ಏಕೆಂದು ಆಮೇಲೆ ತಿಳಿಯಿತು. ಹಬ್ಬದ ಹಿಂದಿನ ಸಂಜೆ ನಾನು ಹೂವು ತರಲು ಯಲಹಂಕಕ್ಕೆ ಹೋಗಿದ್ದೆ. ನಯಾಜ್ ಸನ್ನೆಯ ಬುಡವನ್ನು ಜಾಗ ಕದಲದಂತೆ ಎರಡು ಕಡೆ ಚುಕ್ಕೆ ಇಟ್ಟಷ್ಟು ಬೆಸೆದಿದ್ದಾನೆ, ಅಷ್ಟರಲ್ಲಿ ಕರೆಂಟು ಹೋಗಿದೆ. ಪೂಜೆಗೆ ಚೆಂದ ಕಾಣಲೆಂದು ಸುತ್ತ ಸಂದು ಮುಚ್ಚುವ ಪುಟ್ಟಿ ಮೆತ್ತಿ, ಪೂರಾ ವೆಲ್ಡಿಂಗ್ ಆಮೇಲೆ ಮಾಡಿದರಾಯಿತೆಂದು ಮನೆಗೆ ಹೋದ. ಬೆಳಿಗ್ಗೆ ಎದ್ದು ನಾನು ನೋಡಿದರೆ ಬುಡ ನುಣ್ಣಗಿದೆ, ಕೆಲಸ ಮುಗಿದಿದೆಯೆಂದು ಬಣ್ಣ ಹೊಡೆದೆ. ವೆಲ್ಡಿಂಗ್ ಮಷಿನ್ನಿಗೆ ಅಷ್ಟರಲ್ಲಾಗಲೇ ಅಕ್ಕ ಕುಂಕುಮ ಇಟ್ಟು ಪೂಜೆಗೆ ಕೂರಿಸಿದ್ದಳು. ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟಬಾರದಲ್ಲ? ಹಬ್ಬ ಮುಗಿದು ಬಂದ ನಯಾಜ್‌ಗೆ ಕಂಡದ್ದು ಬಣ್ಣ.

"ನೀನು ಅದೆಲ್ಲ ನಂಬೋನಲ್ವಲ್ಲ ಗುರು, ಪೂಜೆ ದಿನಾನೇ ವೆಲ್ಡಿಂಗ್ ಹೊಡೆದು ಪೇಂಟ್ ಮಾಡಿದೀಯ ಅಂದ್ಕೊಂಡೆ" ಎಂದು ಅವನು ತಲೆ ಹಿಡಿದುಕೊಂಡು ಕುಳಿತ. ಅಕ್ಕನ ಮುಖ ನೋಡಲಾರದೆ ಒದ್ದಾಡುತ್ತಿದ್ದ. ಅವಳೇ ಅವನ ಬೆನ್ನಿಗೆ ಕೈಯಿಟ್ಟು, "ನಾನು ಇಲ್ಲೇ ಇದೀನಲ್ಲೋ, ಏಳು" ಎಂದಳು. ಇಷ್ಟೂ ವಾರ ನಾವಿಬ್ಬರೂ ಗಾಡಿ ನಿಲ್ಲಿಸಿದ್ದು ಕಾಲಿನಲ್ಲಿ. ನಡೆಯಬಲ್ಲವರ ಅಭ್ಯಾಸ. ಕೈಯಿನ ಸನ್ನೆಯನ್ನು ಹಾರ ಹಾಕಿದ ಮೇಲೆ ಒಬ್ಬರೂ ಎಳೆದಿರಲಿಲ್ಲ.

ಇಷ್ಟಕ್ಕೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಬೆಸುಗೆ ಸಡಿಲವಾಗಿತ್ತು, ಅದೇ ಕಿರುಗುಟ್ಟುತ್ತಿತ್ತು ಎಂದು ನೀವು ಹೇಳಬಹುದು. ನಾನೂ ಹಾಗೇ ಹೇಳಿಕೊಳ್ಳಲು ನೋಡಿದೆ. ಆದರೆ ಸಡಿಲವಾಗಿದ್ದರೆ ಮೊದಲು ಪುಟ್ಟಿ ಬಿರಿಯಬೇಕು, ಬಣ್ಣ ಸೀಳಬೇಕು. ನಾನು ಎಳೆಯುವ ಆ ಕ್ಷಣದವರೆಗೂ ಬಣ್ಣ ಇಡಿಯಾಗಿತ್ತು. ಒಂದಕ್ಕೊಂದು ಉಜ್ಜಲು ಅಲ್ಲಿ ಏನೂ ಅಲುಗಾಡುತ್ತಿರಲಿಲ್ಲ. ಬಿಸಿಲಿಗೆ ಕಬ್ಬಿಣ ಹಿಗ್ಗಿರಬೇಕೆಂದು ಅದೇ ಥರದ ಎರಡು ಪೈಪು ತಂದು, ಅದೇ ಥರ ಚುಕ್ಕೆ ಬೆಸುಗೆ ಹಾಕಿ, ಪುಟ್ಟಿ ಮೆತ್ತಿ, ಬಣ್ಣ ಬಳಿದು ತಾರಸಿಯ ಮೇಲೆ ಬೇಸಿಗೆ ಪೂರ್ತಿ ಇಟ್ಟೆ. ಬಿಸಿನೀರು ಸುರಿದೆ, ಸುತ್ತಿಗೆಯಿಂದ ತಟ್ಟಿದೆ. ಸ್ಕ್ರೂಡ್ರೈವರ್ ಕಿವಿಗಿಟ್ಟುಕೊಂಡು ತಾರಸಿಯ ಮೇಲೆ ಕುಕ್ಕರಗಾಲಲ್ಲಿ ಕೂರುತ್ತಿದ್ದ ನನ್ನನ್ನು ನೋಡಿ ಅಕ್ಕನೇ ಕೆಳಗಿಂದ, "ಸಾಕು ಇಳಿಯೋ, ಜನ ಏನಂದ್ಕೋತಾರೆ" ಎನ್ನುತ್ತಿದ್ದಳು. ಆ ಪೈಪುಗಳು ಒಂದು ಸಲವೂ ಬಾಯಿ ಬಿಡಲಿಲ್ಲ.

ಸನ್ನೆಯನ್ನು ಸುತ್ತಲೂ ಗಟ್ಟಿಯಾಗಿ ಬೆಸೆದ ಮೇಲೆ ಗಾಡಿಯ ಸದ್ದು ಪೂರಾ ಹೋಯಿತು. ಛಾವಣಿಯ ತಗಡನ್ನು ಮತ್ತೆ ಜೋಡಿಸಿದರೂ ಬರಲಿಲ್ಲ. ನಾನು, ನಯಾಜ್ ಇಬ್ಬರೂ ಸನ್ನೆಗೆ ಜೋತುಬಿದ್ದು ಎಳೆದು ಪರೀಕ್ಷೆ ಮಾಡಿದೆವು. ಆಮೇಲೆ ಅಕ್ಕ ಗಾಡಿ ಹತ್ತಿದಳು. ನಾನು ಪಕ್ಕದಲ್ಲಿ ಕುಳಿತೆ.

ಲೇಔಟಿನ ರಸ್ತೆಗಳಲ್ಲಿ ಅವಳು ಓಡಿಸಿದ ರೀತಿ ನೋಡಬೇಕಿತ್ತು. ತಿರುವಿನಲ್ಲಿ ವಾಚ್‌ಮನ್ ಗೌಡರಿಗೆ ಸುಮ್ಮಸುಮ್ಮನೆ ಹಾರನ್ ಹೊಡೆದಳು. ಅವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ಕಂಡಿರಲಿಲ್ಲ. ಕೆರೆಯ ಇಳಿಜಾರು ಬಂತು, ಗಾಡಿ ತಾನಾಗಿ ಜಾರತೊಡಗಿತು. ಅಕ್ಕನ ಎಡಗೈ ಸನ್ನೆಯ ಮೇಲೆ ಹೋಯಿತು, ಆದರೆ ಕೂಡಲೇ ಎಳೆಯಲಿಲ್ಲ. ತಲೆಯನ್ನು ಸ್ವಲ್ಪ ವಾಲಿಸಿ, ಉಸಿರು ಬಿಗಿಹಿಡಿದು ಕುಳಿತಳು. ಏನು ಮಾಡುತ್ತಿದ್ದಾಳೆಂದು ನಾನು ಕೇಳಬೇಕಾಗಿರಲಿಲ್ಲ, ನಾನೂ ಅದನ್ನೇ ಮಾಡುತ್ತಿದ್ದೆ. ಇಬ್ಬರೂ ಕಿವಿಗೊಟ್ಟಿದ್ದೆವು. ಏನೂ ಕೇಳಿಸಲಿಲ್ಲ. ಆಗ ಅವಳು ಸನ್ನೆ ಎಳೆದಳು. ಗಾಡಿ ನೀರಿಗಿಂತ ಎಷ್ಟೋ ಹಿಂದೆ ನಿಂತಿತು.

ಅಲ್ಲಿ ಕುಳಿತು ಬಹಳ ಹೊತ್ತು ಕೆರೆ ನೋಡಿದೆವು. ಅಪ್ಪಣೆ ಕೇಳುವವರ ಹಾಗೆ ನಾವು ಯಾರ ಸದ್ದಿಗೆ ಕಾದೆವೆಂದು ನನಗೆ ಇವತ್ತಿಗೂ ಗೊತ್ತಿಲ್ಲ.