ಅಜ್ಜಿಗೆ ಕೇಳಿಸಿದ ಟವರು

ನಾನು ಚಿಕ್ಕವಳಿದ್ದಾಗ ಫೋನು ಎಂದರೆ ತಂತಿಯಿಂದ ಗೋಡೆಗೆ ಕಟ್ಟಿಹಾಕಿದ ವಸ್ತು. ಪಾಲಹಳ್ಳಿಯ ನಮ್ಮ ಮನೆಯಲ್ಲಿ ಅದೂ ಇರಲಿಲ್ಲ. ಹಾಗಿರುವಾಗ ಒಂದು ದಿನ, ಮೈಸೂರಿನಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ತನ್ನ ಧಣಿಯ ಮೊಬೈಲನ್ನು ಕೇಳಿ ತಂದ. ಕೈತುಂಬ ತೂಕ, ತಲೆಯ ಮೇಲೊಂದು ಗಿಡ್ಡ ಕೊಂಬು. ನಾನು ಹಿಂದೆಮುಂದೆ ತಿರುಗಿಸಿ ಹುಡುಕಿದೆ, ತಂತಿಯೇ ಇಲ್ಲ!

ತಂದದ್ದಕ್ಕೆ ಕಾರಣವಿತ್ತು. ಅಕ್ಕನನ್ನು ಚೊಚ್ಚಲ ಹೆರಿಗೆಗೆ ಮನೆಗೆ ಕರೆತರುವ ಮೊದಲೇ ಗಂಡನ ಊರು ಹೊಣಕೆರೆಯಲ್ಲಿ ಅವಳಿಗೆ ನೋವು ಬಂದಿತ್ತು. ಅಪ್ಪ, ಅಮ್ಮ ನಾಗಮಂಗಲದ ಆಸ್ಪತ್ರೆಗೆ ಓಡಿದ್ದರು. ಸುದ್ದಿಯನ್ನು ಅಪ್ಪ ಈ ಮೊಬೈಲಿಗೇ ತಿಳಿಸಬೇಕಿತ್ತು. ಬೆಳಗಿನಿಂದ ಅಜ್ಜಿ ಒಂದು ತುತ್ತು ಮುದ್ದೆ ಮುಟ್ಟಿರಲಿಲ್ಲ. ಅಕ್ಕನಿಗೆ ಏನಾದರೂ ಆದರೆ ಎಂದು ನನಗೂ ಒಳಗೊಳಗೇ ಭಯ.

ಚಿಕ್ಕಪ್ಪ ಮೊಬೈಲನ್ನು ಅಲುಗಿಸಿ, ಕಿವಿಗಿಟ್ಟು, “ಥತ್, ಟವರೇ ಸಿಗ್ತಿಲ್ವಲ್ಲ!” ಎಂದ.

ಮಂದಗಿವಿಯ ಅಜ್ಜಿ ದಡಕ್ಕನೆ ಎದ್ದಳು. “ಏನಂದ್ಯಲಾ? ತವರು ಸಿಗ್ತಿಲ್ವಾ? ಯಾರ್ಲಾ ಅಂಗಂದೋರು? ಗುಂಡುಕಲ್ಲಂಗೆ ನಾನಿನ್ನೂ ಕುಂತಿವ್ನಿ! ಬಾಣಂತನಕ್ಕೆ ತುಪ್ಪ ಕಾಯ್ಸಿ ಮಡಗಿವ್ನಿ!”

ಚಿಕ್ಕಪ್ಪನಿಗೆ ನಗು ತಡೆಯಲಾಗಲಿಲ್ಲ. “ತವರಲ್ಲ ಕಣವ್ವ, ಟವರು! ದೊಡ್ಡ ಕಬ್ಬಿಣದ ಕಂಬ, ಮೈಸೂರಲ್ಲಿ ನಿಲ್ಸವ್ರೆ. ನಾವಾಡೋ ಮಾತ್ನ ಈ ಫೋನು ಅಲೆ ಮಾಡಿ ಬುಡ್ತದೆ, ರೇಡಿಯೋದಲ್ಲಿ ಹಾಡು ಬತ್ತದಲ್ಲ, ಅಂಗೆ. ಆ ಕಂಬ ಅದ್ನ ಹಿಡ್ಕಂಡು ಆಚೆ ಕಡೆಯೋರ ಫೋನಿಗೆ ದಾಟುಸ್ತದೆ. ಕಂಬ ದೂರ ಇದ್ರೆ, ಗ್ವಾಡೆ ಅಡ್ಡ ಬಂದ್ರೆ ಅಲೆ ಸೋತೋಯ್ತದೆ.”

“ಅಂಗಾರೆ ಗ್ವಾಡೆ ಬುಟ್ಟು ಆಚೆಗೆ ನಡೀಲಾ!” ಎಂದು ಗದರಿದಳು ಅಜ್ಜಿ. ನಮಗೆ ಅಷ್ಟೂ ಹೊಳೆದಿರಲಿಲ್ಲ ನೋಡಿ.

ಹಿತ್ತಿಲಲ್ಲಿ ಹೊಸ ಹುಲ್ಲಿನ ಮೆದೆ ಇತ್ತು. ಚಿಕ್ಕಪ್ಪ ಹತ್ತಲು ಹೋಗಿ, ಅರ್ಧಕ್ಕೇ ಸರ್ರನೆ ಜಾರಿ ಕೆಳಗೆ ಕುಳಿತ. ಕೊನೆಗೆ ಮೊಬೈಲು ನನ್ನ ಲಂಗದ ಸೊಂಟಕ್ಕೆ ಬಂತು. ಭತ್ತದ ಹುಲ್ಲಿನ ಘಮ ಮೂಗಿಗೆ ಹಿತ, ಮೈಗೆ ಮಾತ್ರ ಕಡಿತವೋ ಕಡಿತ. ಕೆರೆದುಕೊಳ್ಳುತ್ತಲೇ ಮೇಲೆ ಹತ್ತಿ ನಿಂತು ಕೈ ಎತ್ತಿದೆ. ಎಷ್ಟೋ ಹೊತ್ತಾದ ಮೇಲೆ ಅದು ಕಿರ್‍ರೆಂದು ಕೂಗಿಕೊಂಡಿತು! ಹೆದರಿ ಕೈಬಿಡುವುದರಲ್ಲಿದ್ದೆ.

“ಅಸುರು ಗುಂಡಿ ಒತ್ತೇ!” ಚಿಕ್ಕಪ್ಪ ಕೆಳಗಿನಿಂದ ಕಿರುಚಿದ.

ಒತ್ತಿದೆ. ಗೊರಗೊರ ಸದ್ದಿನ ನಡುವೆ ಅಪ್ಪನ ದನಿ. “ಎಣ್ಣು ಮಗ ಕಣವ್ವ! ಅಕ್ಕನೂ ಚೆಂದಾಗವ್ಳೆ, ಅಜ್ಜಿಗೇಳು!”

ನಾನು ಹೇಳಲಿಲ್ಲ, ಊರಿಗೆಲ್ಲ ಕೇಳುವಂತೆ ಅರಚಿದೆ. ಅಜ್ಜಿ ಅಲ್ಲೇ ನೆಲದ ಮೇಲೆ ಕುಳಿತು ಅತ್ತಳು, ಅಳುತ್ತಲೇ ನಕ್ಕಳು. ಆಮೇಲೆ ಮೈಸೂರಿನ ಕಡೆಗೆ ಕೈಮುಗಿದು, “ಆ ಕಂಬದ ಒಟ್ಟೆ ತಣ್ಣಗಿರ್ಲಿ!” ಎಂದು ಹರಸಿದಳು.

ಮಕ್ಕಳೇ, ನಿಮಗೆ ಮಂಚದ ಮೇಲೆ ಮಲಗಿದಲ್ಲೇ ಎಲ್ಲರ ಮುಖವೂ ಕಾಣುತ್ತದೆ. ಆಟದ ನಡುವೆ ಕರೆ ಬಂದರೆ ಕಿರಿಕಿರಿ. ನಿನ್ನೆ ಸಂಜೆ ನೀವು ‘ಆಮೇಲೆ ಮಾತಾಡೋಣ’ ಎಂದು ಕೆಂಪು ಗುಂಡಿ ಒತ್ತಿದಿರಲ್ಲ, ನಿಮ್ಮ ದೊಡ್ಡಮ್ಮನ ಮಗಳು, ಅವಳೇ ಆ ಕೂಸು. ಅವಳು ಹುಟ್ಟಿದಳು ಎಂಬ ಒಂದು ಮಾತಿಗೆ ನಾವು ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದೆವು. ಏಳಿ, ಈಗ ನೀವೇ ಅವಳಿಗೆ ಫೋನು ಮಾಡಿ.