ನೆರಳಿನ ಚೀಟಿ

ಕಥೆಯ ದುಷ್ಟನ ಬಾಯಿಗೆ ನಾನು ಹಾಕಿದ ಮಾತು ನಮ್ಮದೇ ಸೊಸೈಟಿಯ ಗೇಟಿನಲ್ಲಿ ನೋಟಿಸಾಗಿ ನೇತಾಡಿದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ರೈಲ್ವೆ ನೌಕರಿ ಮುಗಿಸಿ ನಾಗಪುರದಲ್ಲೇ, ಕೋರಾಡಿ ರಸ್ತೆಯ ಫ್ಲಾಟೊಂದರಲ್ಲಿ ಉಳಿದವನು ನಾನು. ಇಲ್ಲಿನ ಏಳೆಂಟು ಕನ್ನಡ ಮನೆಯವರು ತಿಂಗಳಿಗೊಮ್ಮೆ ಸೊಸೈಟಿ ಕಾರ್ಯದರ್ಶಿಯ ಮನೆಯಲ್ಲಿ ಸೇರುತ್ತೇವೆ. ಕಾರ್ಯದರ್ಶಿ ಧಾರವಾಡದ ಕಡೆಯವರು, ಮಾತಿನಲ್ಲಿ ಸಜ್ಜನರು, ಗಿರ್ಮಿಟ್ ಮಾಡಿಸಿ ಬಡಿಸುತ್ತಾರೆ. ಕಳೆದ ಏಪ್ರಿಲ್‌ನಲ್ಲಿ ಅಲ್ಲಿ ನನ್ನ ಕಥೆಯೊಂದನ್ನು ಓದಿದೆ. ಒಂದು ಊರು, ಅಲ್ಲಿ ನೆರಳಿಗೂ ಚೀಟಿ. ಚೀಟಿ ಇಲ್ಲದೆ ಮರದಡಿ ನಿಂತವರನ್ನು ಕಾವಲುಗಾರರು ಬಿಸಿಲಿಗೆ ಎಳೆದು ಕಟ್ಟಿಹಾಕುತ್ತಾರೆ. ಊರಿನ ಯಜಮಾನ ಭಾಷಣ ಬಿಗಿಯುತ್ತಾನೆ: "ಬಿಸಿಲು ಇವರಿಗೆ ಅಭ್ಯಾಸ. ಆ ಅಭ್ಯಾಸ ಕೆಡಿಸುವುದೇ ನಿಜವಾದ ಕ್ರೌರ್ಯ." ಕೇಳಿದವರೆಲ್ಲ ಲೊಚಗುಟ್ಟಿದರು. ಒಬ್ಬರಂತೂ ಕಣ್ಣೊರೆಸಿಕೊಂಡರು. ನಾನು ಉಬ್ಬಿಹೋದೆ, ಸುಳ್ಳೇಕೆ ಹೇಳಲಿ.

ನಮ್ಮ ಗೇಟಿನ ಪಕ್ಕ ಒಂದು ಬೇವಿನ ಮರ, ಸುತ್ತ ಸಿಮೆಂಟಿನ ಕಟ್ಟೆ. ಮನೆಗೆಲಸದ ಹೆಂಗಸರು ಒಂದು ಮನೆ ಮುಗಿಸಿ ಇನ್ನೊಂದಕ್ಕೆ ಹೋಗುವ ನಡುವೆ ಅಲ್ಲಿ ಕೂತು ಡಬ್ಬಿ ಬಿಚ್ಚುತ್ತಿದ್ದರು. ನಮ್ಮ ಮನೆಗೆ ಬರುವ ಮಾವಶಿಯೂ ಅವರಲ್ಲೊಬ್ಬಳು. ಮಾವಶಿ ಎಂದರೆ ಚಿಕ್ಕಮ್ಮ; ಕೆಲಸದವರನ್ನು ಇಲ್ಲಿ ಹಾಗೆ ಕರೆದು ಋಣ ತೀರಿಸಿಬಿಡುತ್ತೇವೆ. ಅರವತ್ತರ ಹತ್ತಿರದ ವಯಸ್ಸು. ಹಿಂದಿನ ಬೇಸಿಗೆಯಲ್ಲಿ ಬಿಸಿಲು ಬಡಿದು ರಸ್ತೆಯಲ್ಲೇ ಬಿದ್ದಿದ್ದಳು. ಇನ್ನೊಮ್ಮೆ ಹೀಗಾದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ನಮ್ಮಲ್ಲಿ ಒಂದು ಗಂಟೆಗೆ ಕೆಲಸ ಮುಗಿದರೆ ಮುಂದಿನ ಮನೆಯವರು ಬಾಗಿಲು ತೆರೆಯುವುದು ಮೂರಕ್ಕೆ. ಆ ಎರಡು ಗಂಟೆಗೆ ಆಕೆಗಿದ್ದದ್ದು ಆ ಮರವೊಂದೇ.

ಮೇ ತಿಂಗಳಲ್ಲಿ ಕಟ್ಟೆಯ ಸುತ್ತ ಕಬ್ಬಿಣದ ಜಾಲರಿ ಬಂತು, ಒಳಗೆ ಕ್ರೋಟನ್ ಕುಂಡಗಳು. ಮೇಲೊಂದು ಹಿಂದಿ ನೋಟಿಸು: ಕೆಲಸದವರು ಇಲ್ಲಿ ಕೂರುವಂತಿಲ್ಲ. ಕೆಳಗೆ ಕಾರಣ. ನನ್ನ ಕಥೆಯ ಯಜಮಾನನ ಭಾಷಣವೇ, ಪದಕ್ಕೆ ಪದ ಹಿಂದಿಗೆ ಇಳಿಸಿದ್ದು.

ನೇರ ಕಾರ್ಯದರ್ಶಿಯ ಮನೆಗೆ ನುಗ್ಗಿದೆ.

"ನಿಮ್ಮ ಕಥ್ಯಾಗಿನ ಆ ಮಾತು ಭಾಳ ಬರೋಬರ್ ಐತ್ರಿ," ಎಂದರು ನಗುತ್ತ. "ಕಮಿಟಿಯವರಿಗೂ ಪಸಂದ್ ಬಿತ್ತು."

"ರೀ, ಅದು ದುಷ್ಟ ಆಡೋ ಮಾತು! ಕೇಳಿದವರಿಗೆ ಅಸಹ್ಯ ಆಗ್ಲಿ ಅಂತ ಬರೆದದ್ದು!"

"ಯಾರ ಆಡಿದ್ರೇನ್ರಿ, ಖರೇ ಮಾತು ಖರೇನ. ನಮಗೇನ್ ಅವ್ರ ಮ್ಯಾಲೆ ಸಿಟ್ಟೈತೇನು? ಕುಂತು ಹರಟಿ ಹೊಡದು ಕೆಲಸ ತಪ್ಪಿಸ್ತಾರ. ಅವರ ಸಲುವಾಗೇ ಮಾಡೀವಿ. ಬರ್ರಿ, ಚಹಾ ಕುಡೀರಿ."

ಚಹಾ ಕುಡಿಯಲಿಲ್ಲ. ಕಟುಕನಾದರೂ ತಾನು ಕಡಿಯುತ್ತಿದ್ದೇನೆಂದು ಒಪ್ಪಿಕೊಳ್ಳುತ್ತಾನೆ; ಇವರು ಉಪಕಾರ ಮಾಡುತ್ತಿದ್ದೇವೆ ಎನ್ನುತ್ತಾರಲ್ಲ ಎಂದು ಹಲ್ಲು ಕಚ್ಚಿಕೊಂಡು ಮನೆಗೆ ಬಂದೆ.

ಗಂಟೆ ಒಂದಾಗುತ್ತಿತ್ತು. ಮಾವಶಿ ಪಾತ್ರೆ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದಳು. ಈಗ ಎಲ್ಲಿ ಕೂರುತ್ತೀಯ ಎಂದು ಮರಾಠಿಯಲ್ಲಿ ಕೇಳಿದೆ. ಪಂಪ್ ಹೌಸಿನ ಹಿಂದೆ ಗೇಣುದ್ದ ನೆರಳಿದೆ, ಗೋಡೆಗೊತ್ತಿ ನಿಂತರೆ ಸಾಕಾಗುತ್ತದೆ ಎಂದಳು. ನಾನು ಸುಮ್ಮನಿರುವುದಿಲ್ಲ, ಆ ಜಾಲರಿ ಕೀಳಿಸಿಯೇ ಸೈ ಎಂದು ಅಬ್ಬರಿಸಿದೆ. ಆಕೆ ತಲೆಯಾಡಿಸಿದಳು.

ನನ್ನ ಹೆಂಡತಿ ಮೆಲ್ಲಗೆ ಕನ್ನಡದಲ್ಲಿ, "ಅಲ್ಲಿತನಕ ಇಲ್ಲೇ ಹಾಲ್‌ನಲ್ಲಿ ಕೂತಿರಲಿ ಅನ್ನೋಣ್ವಾ?" ಎಂದಳು.

ಮಾವಶಿ ನಮ್ಮಲ್ಲಿಗೆ ಬರುತ್ತಿರುವ ಈ ಮೂರು ವರ್ಷದಲ್ಲಿ ನನಗೆ ಒಮ್ಮೆಯೂ ಹೊಳೆಯದಿದ್ದ ಮಾತು. ಹಾಲ್‌ನಲ್ಲಿ ಕೂಲರ್ ಇದೆ, ಅದರ ಮುಂದೆ ನನ್ನ ದಿವಾನ್ ಮಂಚ. ಮಧ್ಯಾಹ್ನ ಪಂಚೆ ಸಡಿಲಿಸಿ ನಾನು ಮಲಗುವುದು ಅಲ್ಲೇ.

"ಬೇಡ ಕಣೇ," ಎಂದೆ. "ಅವಳಿಗೆ ಕೂಲರ್ ಗಾಳಿ ಅಭ್ಯಾಸ ಇಲ್ಲ. ಮೈಕೈ ಹಿಡ್ಕೊಂಡ್ರೆ ಪಾಪ ಅವಳಿಗೇ ಕಷ್ಟ."

ಮಾವಶಿಗೆ ಕನ್ನಡ ಬಾರದು. ಕೂಲರ್ ಎಂಬ ಮಾತು ಮಾತ್ರ ತಿಳಿದಿರಬೇಕು, ಒಮ್ಮೆ ಅದರತ್ತ ನೋಡಿದಳು. ಆಮೇಲೆ ಬಿಸಿಲು ತಾಗದಿರಲೆಂದು ಇಟ್ಟುಕೊಳ್ಳುವ ಈರುಳ್ಳಿಯನ್ನು ಸೊಂಟಕ್ಕೆ ಸಿಕ್ಕಿಸಿ, ಸೆರಗು ತಲೆಗೆ ಸುತ್ತಿ ಹೊರಟಳು.

ನಾನಾಡಿದ್ದು ನನ್ನ ಕಿವಿಗೆ ಬಿದ್ದದ್ದು ಆಕೆ ಮೆಟ್ಟಿಲಿಳಿಯುವಾಗ. ಕೂಗಿದ್ದರೆ ಕೇಳಿಸುವಷ್ಟು ಹತ್ತಿರದಲ್ಲೇ ಇದ್ದಳು. ಕೂಗಲಿಲ್ಲ. ಕೂಲರಿನ ಮುಂದೆ ಕೂತು ಕಾರ್ಯದರ್ಶಿಗೆ ಖಾರವಾದ ಪತ್ರ ಬರೆದೆ, ಎರಡು ಪುಟ.